ವಿಆರ್ ಹೆಡ್‌ಸೆಟ್: ನಿಮ್ಮ ಹೆದರಿಕೆ ಕಣ್ಣಿನದು, ನನ್ನದು ಬೇರೆ

ಪ್ರಶ್ನೆ: ಮೇಡಂ, ಎರಡು ತಿಂಗಳ ಹಿಂದೆ ನಮ್ಮ ಯಜಮಾನರು ಮನೆಗೆ ಒಂದು ವಿಆರ್ ಹೆಡ್‌ಸೆಟ್ (ಕಣ್ಣಿಗೆ ಕಟ್ಟಿಕೊಂಡರೆ ಸುತ್ತಲೂ ಕೃತಕ ಲೋಕ ಕಾಣಿಸುವ ಸಾಧನ) ತಂದರು. ಹನ್ನೊಂದು ವರ್ಷದ ಮಗ ಅದನ್ನು ಬಿಡುವುದೇ ಇಲ್ಲ. ಗಂಟೆಗಟ್ಟಲೆ ಆಡಿ, ತೆಗೆದ ಮೇಲೆ ಕಣ್ಣು ಉಜ್ಜಿಕೊಳ್ಳುತ್ತಾನೆ. ಅವನಿಗೆ ತಲೆಸುತ್ತು ಬರುವುದಿಲ್ಲ. ನಾನು ಹಾಕಿಕೊಂಡರೆ ಐದೇ ನಿಮಿಷಕ್ಕೆ ಹೊಟ್ಟೆ ತೊಳಸಿ ವಾಂತಿ ಬರುವ ಹಾಗಾಗುತ್ತದೆ. ಪರದೆ ಕಣ್ಣಿಗೆ ಎರಡು ಬೆರಳಿನಷ್ಟು ಹತ್ತಿರ ಇರುತ್ತದಲ್ಲ, ಮಗನ ಕಣ್ಣು ಹಾಳಾಗುವುದಿಲ್ಲವೇ? ಮಿದುಳಿಗೆ ರೇಡಿಯೇಶನ್ ಹೋಗುತ್ತದೆ ಎಂದು ನಮ್ಮಕ್ಕ ಬೇರೆ ಹೆದರಿಸಿದ್ದಾಳೆ. ಯಜಮಾನರನ್ನು ಕೇಳಿದರೆ, 'ಇನ್ನು ಹತ್ತು ವರ್ಷಕ್ಕೆ ಶಾಲೆ, ಆಫೀಸು ಎಲ್ಲ ಇದರೊಳಗೇ. ಈಗಲೇ ರೂಢಿಯಾಗಲಿ ಬಿಡು' ಅನ್ನುತ್ತಾರೆ. ಇದರ ಮಧ್ಯೆ, ಪಾರ್ಶ್ವವಾಯು ಆಗಿ ಎಡಗೈ ಬಲ ಕಳೆದುಕೊಂಡಿರುವ ಅತ್ತೆಗೆ ವಿಆರ್‌ನಲ್ಲಿ ವ್ಯಾಯಾಮ ಮಾಡಿಸೋಣ ಎಂದು ಫಿಸಿಯೋಥೆರಪಿಸ್ಟ್ ಹೇಳಿದ್ದಾರೆ. ಮಗನಿಗೆ ಬೇಡ ಅನ್ನುವುದನ್ನು ಅತ್ತೆಗೆ ಹೇಗೆ ಹಾಕಿಸಲಿ? ಏನು ಮಾಡಬೇಕೆಂದೇ ತಿಳಿಯುತ್ತಿಲ್ಲ.

ಉತ್ತರ: ಒಂದೇ ಪತ್ರದಲ್ಲಿ ಮನೆಮಂದಿಯನ್ನೆಲ್ಲ ಕರೆತಂದಿದ್ದೀರಿ. ಮಗನ ಕಣ್ಣು, ನಿಮ್ಮ ಹೊಟ್ಟೆ, ಅಕ್ಕನ ಭಯ, ಯಜಮಾನರ ಭವಿಷ್ಯ, ಅತ್ತೆಯ ಕೈ. ಮೊದಲೇ ಹೇಳಿಬಿಡುತ್ತೇನೆ, ನಾನು ಕಣ್ಣಿನ ಡಾಕ್ಟರ್ ಅಲ್ಲ. ವಿಆರ್ ತರಬೇತಿ ಕಾರ್ಯಕ್ರಮಗಳನ್ನು ರೂಪಿಸುವುದು, ಅವು ಮನುಷ್ಯರ ಮೈಗೆ ಒಗ್ಗುತ್ತವೋ ಇಲ್ಲವೋ ಎಂದು ನೋಡುವುದು ಹದಿನಾಲ್ಕು ವರ್ಷದಿಂದ ನನ್ನ ಕೆಲಸ. ನೂರಾರು ಜನರ ತಲೆಗೆ ಇದನ್ನು ಕಟ್ಟಿದ್ದೇನೆ. ಕೆಲವರು ನನ್ನೆದುರೇ ಕಸದ ಬುಟ್ಟಿ ಹುಡುಕಿಕೊಂಡು ಓಡಿದ್ದಾರೆ. ಆದ್ದರಿಂದ ನಿಮ್ಮ ಹೊಟ್ಟೆಯ ಕಷ್ಟ ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ಅಕ್ಕನ ಮಾತನ್ನು ಮೊದಲು ಮುಗಿಸೋಣ, ಅದರಲ್ಲಿ ಹೆಚ್ಚೇನಿಲ್ಲ. ಹೆಡ್‌ಸೆಟ್‌ನಿಂದ ಹೊರಡುವುದು ವೈಫೈ ಮತ್ತು ಬ್ಲೂಟೂತ್ ಅಲೆಗಳು. ನಿಮ್ಮ ಫೋನಿನಲ್ಲಿರುವುದೂ ಅವೇ. ಎಕ್ಸ್‌ರೇಗೆ ಇರುವ ಹಾಗೆ ಜೀವಕೋಶದೊಳಗಿನ ಅಣುಗಳನ್ನು ಒಡೆಯುವ ಶಕ್ತಿ ಅವಕ್ಕಿಲ್ಲ. ಹಣೆ ಬೆಚ್ಚಗಾಗುತ್ತದಲ್ಲ, ಅದು ಒಳಗಿನ ಎಲೆಕ್ಟ್ರಾನಿಕ್ ಚಿಪ್‌ನ ಶಾಖ. ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡರೆ ಬಿಸಿ ತಾಗುವ ಹಾಗೆ, ಅಷ್ಟೆ.

ಈಗ ಕಣ್ಣು. ಪರದೆ ಎರಡು ಬೆರಳು ದೂರದಲ್ಲಿರುವುದು ನಿಜ. ಆದರೆ ಪರದೆಗೂ ಕಣ್ಣಿಗೂ ನಡುವೆ ಲೆನ್ಸ್ ಇದೆ. ಅದು ಬೆಳಕನ್ನು ಬಗ್ಗಿಸಿ, ಚಿತ್ರ ಸುಮಾರು 1.3ರಿಂದ 2 ಮೀಟರ್ ದೂರದಲ್ಲಿರುವ ಹಾಗೆ ಕಣ್ಣಿಗೆ ತಲುಪಿಸುತ್ತದೆ. ಅಂದರೆ ಕಣ್ಣಿನ ಲೆಕ್ಕದಲ್ಲಿ ಅದು ಎದುರಿಗಿರುವ ಟಿವಿ. ದೂರದ್ದು ಮಸುಕಾಗಿ ಕಾಣುವವರನ್ನು ಕೇಳಿ ನೋಡಿ, ಹೆಡ್‌ಸೆಟ್ ಒಳಗೂ ಅವರು ಕನ್ನಡಕ ಹಾಕಿಕೊಳ್ಳುತ್ತಾರೆ. ಕಣ್ಣು ನಿಜವಾಗಿಯೂ ಎರಡು ಬೆರಳು ದೂರದ್ದನ್ನು ನೋಡುತ್ತಿದ್ದರೆ ಆ ಕನ್ನಡಕ ಬೇಕಿರಲಿಲ್ಲ, ಅಲ್ವಾ? ಮಲಗಿಕೊಂಡು ಗೇಣುದ್ದ ದೂರದಲ್ಲಿ ಫೋನ್ ಹಿಡಿದು ನೋಡುವುದು ಇದಕ್ಕಿಂತ ಹತ್ತಿರದ ಕೆಲಸ. ಅದರ ಬಗ್ಗೆ ನಾವ್ಯಾರೂ ಪತ್ರ ಬರೆಯುವುದಿಲ್ಲ!

ಹಾಗಂತ ಕಣ್ಣಿಗೆ ಏನೂ ಆಗುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ತೋರುಬೆರಳನ್ನು ಚಾಚಿ ಹಿಡಿದು, ಅದನ್ನೇ ನೋಡುತ್ತಾ ಮೆಲ್ಲಗೆ ಮೂಗಿನ ಹತ್ತಿರ ತನ್ನಿ. ಎರಡು ಕೆಲಸ ಒಟ್ಟಿಗೆ ನಡೆಯುತ್ತವೆ. ಎರಡೂ ಕಣ್ಣುಗುಡ್ಡೆಗಳು ಒಳಕ್ಕೆ ತಿರುಗುತ್ತವೆ. ಕಣ್ಣಿನೊಳಗಿನ ಲೆನ್ಸ್ ಬೆರಳಿನ ಮೇಲೆ ಫೋಕಸ್ ಮಾಡುತ್ತದೆ. ಹುಟ್ಟಿದಾಗಿನಿಂದ ಇವೆರಡೂ ಜೋಡೆತ್ತಿನ ಹಾಗೆ ಒಟ್ಟಿಗೇ ನಡೆದಿವೆ. ಹೆಡ್‌ಸೆಟ್ ಒಳಗೆ ಈ ಜೋಡಿ ತಪ್ಪುತ್ತದೆ. ಒಂದು ಚೆಂಡು ನಿಮ್ಮ ಮುಖದ ಹತ್ತಿರ ಬಂದ ಹಾಗೆ ಕಂಡಾಗ ಕಣ್ಣುಗುಡ್ಡೆಗಳು ಒಳಕ್ಕೆ ತಿರುಗುತ್ತವೆ. ಫೋಕಸ್ ಮಾತ್ರ ಆ ಎರಡು ಮೀಟರಿನಲ್ಲೇ ಉಳಿಯಬೇಕು, ಇಲ್ಲದಿದ್ದರೆ ಚಿತ್ರ ಮಸುಕಾಗುತ್ತದೆ. ಈ ಜಗ್ಗಾಟವೇ ಕಣ್ಣಿನ ದಣಿವಿಗೆ ಮುಖ್ಯ ಕಾರಣ. 2008ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಮಾರ್ಟಿನ್ ಬ್ಯಾಂಕ್ಸ್ ಅವರ ತಂಡ ಇದನ್ನು ಪ್ರಯೋಗ ಮಾಡಿ ತೋರಿಸಿತು. ಎರಡು ದೂರಗಳೂ ಹೊಂದಿದಾಗ ದಣಿವು ಕಡಿಮೆ, ತಪ್ಪಿದಾಗ ಜಾಸ್ತಿ. ಸಾಮಾನ್ಯವಾಗಿ ಹೆಡ್‌ಸೆಟ್ ತೆಗೆದು ಸ್ವಲ್ಪ ಹೊತ್ತಿಗೆ ಕಣ್ಣು ಮೊದಲಿನಂತಾಗುತ್ತದೆ.

ನಿಮ್ಮ ಮಗ ಕಣ್ಣುಜ್ಜುವುದಕ್ಕೆ ಇನ್ನೊಂದು ಸಾದಾ ಕಾರಣವೂ ಇರಬಹುದು. ಯಾವ ಪರದೆಯನ್ನು ಮೈಮರೆತು ನೋಡಿದರೂ ರೆಪ್ಪೆ ಬಡಿಯುವುದು ಕಡಿಮೆಯಾಗುತ್ತದೆ. ಒಳಗೆ ಬಿಸಿ ಗಾಳಿ ಬೇರೆ. ಕಣ್ಣು ಒಣಗುತ್ತದೆ.

ಮಕ್ಕಳ ವಿಷಯದಲ್ಲಿ ನಾನು ಎಚ್ಚರ ಹೇಳುವುದಕ್ಕೆ ಬೇರೆಯೇ ಕಾರಣ ಇದೆ. ದೊಡ್ಡವರ ಎರಡು ಕಣ್ಣುಪಾಪೆಗಳ ನಡುವಿನ ಅಂತರ ಸರಾಸರಿ 63 ಮಿಲಿಮೀಟರ್. ಮಕ್ಕಳದು ಅದಕ್ಕಿಂತ ಕಡಿಮೆ. ಹೆಡ್‌ಸೆಟ್‌ಗಳನ್ನು ದೊಡ್ಡವರ ತಲೆಗೆ ಅಳೆದು ಮಾಡಿರುತ್ತಾರೆ. ಲೆನ್ಸ್‌ನ ನಡುಭಾಗ ಕಣ್ಣಿನ ನೇರಕ್ಕೆ ಬರದಿದ್ದರೆ ಚಿತ್ರ ಮಸುಕಾಗುತ್ತದೆ, ಕಣ್ಣು ಅದನ್ನು ಸರಿಪಡಿಸಲು ಒದ್ದಾಡುತ್ತದೆ. ಜೊತೆಗೆ, ಈಗಿನ ಮಾದರಿಯ ಹೆಡ್‌ಸೆಟ್‌ಗಳು ಮನೆಗಳಿಗೆ ಬಂದದ್ದು 2016ರ ಹೊತ್ತಿಗೆ. ಬಾಲ್ಯವಿಡೀ ಇದನ್ನು ಹಾಕಿಕೊಂಡು ಬೆಳೆದು ನಡುವಯಸ್ಸಿಗೆ ಬಂದವರು ಇನ್ನೂ ಇಲ್ಲ. ಹಾಗಾಗಿ 'ಏನೂ ಆಗಲ್ಲ ಬಿಡಿ' ಎಂದು ಯಾರಾದರೂ ಗಟ್ಟಿಯಾಗಿ ಹೇಳಿದರೆ ಅವರು ಮಾರಾಟದವರು ಎಂದುಕೊಳ್ಳಿ.

ಡಬ್ಬಿಯ ಮೇಲಿನ ವಯಸ್ಸು ನೋಡಿದ್ದೀರಾ? ಆ್ಯಪಲ್ ತನ್ನ ವಿಷನ್ ಪ್ರೋಗೆ 13 ಎನ್ನುತ್ತದೆ. ಸೋನಿ 12 ಎನ್ನುತ್ತದೆ. ಮೆಟಾ ಮೊದಲು 13 ಎನ್ನುತ್ತಿತ್ತು, 2023ರಲ್ಲಿ ಪೋಷಕರೇ ನಡೆಸುವ ಖಾತೆಯಿದ್ದರೆ 10 ವರ್ಷದವರಿಗೂ ಆಗಬಹುದು ಎಂದಿತು. ಅಷ್ಟರಲ್ಲಿ ಮಕ್ಕಳ ಕಣ್ಣೇನೂ ಬದಲಾಗಿರಲಿಲ್ಲ. 13ಕ್ಕಿಂತ ಚಿಕ್ಕವರ ಮಾಹಿತಿ ಪಡೆಯಲು ತಂದೆತಾಯಿಯ ಒಪ್ಪಿಗೆ ಬೇಕು ಎನ್ನುವ 1998ರ ಕಾಯ್ದೆ ಅಮೆರಿಕದಲ್ಲಿದೆ. ಆ 13ರ ಗಡಿಗೂ ಡಬ್ಬಿಯ ಮೇಲಿನ ಅಂಕಿಗೂ ನಂಟಿದೆ. ಅದನ್ನು ಬರೀ ವೈದ್ಯಕೀಯ ಸಲಹೆ ಎಂದು ಓದಬೇಡಿ.

ಒಂದು ವಿಷಯ ಮಧ್ಯದಲ್ಲೇ ಹೇಳಿಬಿಡುತ್ತೇನೆ, ಆಮೇಲೆ ಮರೆತೀತು. ಮಗನನ್ನು ಕೇಳಿ: ಒಳಗೆ ವಸ್ತುಗಳು ಹತ್ತಿರ, ದೂರ ಅಂತ ಬೇರೆಬೇರೆಯಾಗಿ ಕಾಣುತ್ತವಾ, ಇಲ್ಲ ಎಲ್ಲ ಗೋಡೆಗೆ ಅಂಟಿಸಿದ ಚಿತ್ರದ ಹಾಗಿವೆಯಾ? ಆಳವೇ ಕಾಣುವುದಿಲ್ಲ ಎಂದರೆ, ಅಥವಾ ಎರಡೆರಡು ಕಾಣುತ್ತದೆ ಎಂದರೆ, ಕಣ್ಣಿನ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. ಎರಡು ಕಣ್ಣುಗಳು ಸರಿಯಾಗಿ ಜೊತೆಯಾಗಿ ಕೆಲಸ ಮಾಡದಿರುವುದು ಹೀಗೆ ಹೊರಗೆ ಬೀಳುವುದುಂಟು. ತಮಾಷೆ ಏನೆಂದರೆ, ಇದೇ ಉಪಕರಣದಿಂದ ಮಂದಗಣ್ಣಿಗೆ (ಒಂದು ಕಣ್ಣಿನ ನೋಟ ಮಂದವಾಗುವ ತೊಂದರೆಗೆ) ಚಿಕಿತ್ಸೆಯೂ ಇದೆ. 4ರಿಂದ 7 ವರ್ಷದ ಮಕ್ಕಳಿಗಾಗಿ ಮಾಡಿದ ಅಂಥದ್ದೊಂದಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2021ರಲ್ಲಿ ಒಪ್ಪಿಗೆ ಕೊಟ್ಟಿತು. ಅದು ಡಾಕ್ಟರ್ ಬರೆದುಕೊಡುವ ಚಿಕಿತ್ಸೆ, ಆಟದ ಮಾತಲ್ಲ.

ನಿಮ್ಮ ವಾಂತಿಗೆ ಬರೋಣ. ಇಲ್ಲಿ ತಪ್ಪು ಕಣ್ಣಿನದಲ್ಲ, ಕಿವಿಯದು. ಸರಿಯಾಗಿ ಹೇಳಬೇಕೆಂದರೆ ಕಣ್ಣು ಮತ್ತು ಕಿವಿಯ ಜಗಳ. ಒಳಗಿವಿಯಲ್ಲಿ ದ್ರವ ತುಂಬಿದ ಪುಟ್ಟ ಕೊಳವೆಗಳೂ ಚೀಲಗಳೂ ಇವೆ. ತಲೆ ತಿರುಗಿತಾ, ಮೈ ಮುಂದಕ್ಕೆ ಹೋಯಿತಾ ಎಂದು ಮಿದುಳಿಗೆ ಹೇಳುವುದು ಅವೇ. ಬಸ್ಸಿನಲ್ಲಿ ಪುಸ್ತಕ ಓದಿದಾಗ ಕಿವಿ 'ಹೋಗುತ್ತಿದ್ದೇವೆ' ಎನ್ನುತ್ತದೆ, ಕಣ್ಣು 'ಇಲ್ಲ, ಕೂತಿದ್ದೇವೆ' ಎನ್ನುತ್ತದೆ. ಹೊಟ್ಟೆ ತೊಳಸುತ್ತದೆ. ವಿಆರ್‌ನಲ್ಲಿ ಇದು ತಿರುಗಾಮುರುಗಾ. ಕಣ್ಣು ಓಡುತ್ತಿದೆ, ಮೈ ಸೋಫಾದ ಮೇಲಿದೆ.

ಮಗನಿಗೆ ಆಗದೆ ನಿಮಗೆ ಯಾಕೆ? ಮೈಯ ಗುಣ ಒಬ್ಬೊಬ್ಬರದು ಒಂದೊಂದು. ಮೈಗ್ರೇನ್ ಇರುವವರಿಗೆ, ಪ್ರಯಾಣದಲ್ಲಿ ವಾಂತಿ ಮಾಡುವವರಿಗೆ ಜಾಸ್ತಿ. ಇನ್ನೊಂದು ಸ್ವಾರಸ್ಯ ಇದೆ. 1950ರ ದಶಕದಲ್ಲೇ ಹೆಲಿಕಾಪ್ಟರ್ ಸಿಮ್ಯುಲೇಟರ್‌ನಲ್ಲಿ (ಹಾರಾಟ ಕಲಿಸುವ ನಕಲು ಯಂತ್ರದಲ್ಲಿ) ಗಮನಿಸಿದ್ದು: ಹೊಸದಾಗಿ ಕಲಿಯುವವರಿಗಿಂತ ನುರಿತ ಬೋಧಕರಿಗೇ ವಾಕರಿಕೆ ಹೆಚ್ಚು. ನಿಜವಾದ ಹಾರಾಟ ಹೇಗಿರುತ್ತದೆ ಎಂದು ಅವರ ಮೈಗೆ ಗೊತ್ತಿತ್ತು. ಸುಳ್ಳನ್ನು ಅದು ಬೇಗ ಹಿಡಿದುಬಿಡುತ್ತಿತ್ತು. ನಾನೂ ಇದನ್ನು ಕಂಡಿದ್ದೇನೆ. ಕ್ರೇನ್ ಓಡಿಸುವ ತರಬೇತಿಯೊಂದರಲ್ಲಿ ಇಪ್ಪತ್ತು ವರ್ಷ ಅನುಭವದ ಹಿರಿಯರೊಬ್ಬರು ಮೂರೇ ನಿಮಿಷಕ್ಕೆ ಹೆಡ್‌ಸೆಟ್ ಕಿತ್ತಿಟ್ಟು, "ಇದು ಅಲ್ಲಾಡೋದೇ ಇಲ್ಲವಲ್ಲಮ್ಮ" ಎಂದರು. ಅವರ ದೂರು ನೂರಕ್ಕೆ ನೂರು ಸರಿ ಇತ್ತು.

ಆದರೆ ನಿಮ್ಮ ವಿಷಯದಲ್ಲಿ ನನಗೆ ಮೊದಲ ಅನುಮಾನ ಬೇರೆ. ಹೆಡ್‌ಸೆಟ್ ತಂದವರು ಯಜಮಾನರು, ಲೆನ್ಸ್ ಅಂತರವನ್ನು ಹೊಂದಿಸಿಕೊಂಡವರೂ ಅವರೇ ಇರಬೇಕು. ನೀವು ಅದನ್ನೇ ಹಾಗೇ ಹಾಕಿಕೊಂಡಿರಿ, ಅಲ್ವಾ? ಹೆಂಗಸರಿಗೆ ವಿಆರ್ ವಾಕರಿಕೆ ಜಾಸ್ತಿ ಎಂಬ ಮಾತು ಬಹಳ ಕಾಲದಿಂದ ಇತ್ತು. 2020ರಲ್ಲಿ ಕೇ ಸ್ಟ್ಯಾನಿ ಮತ್ತು ಸಂಗಡಿಗರು ಅದನ್ನು ಕೆದಕಿ ನೋಡಿದಾಗ, ಲೆನ್ಸ್ ಅಂತರ ಹೆಂಗಸರ ಕಣ್ಣಿಗೆ ಹೊಂದದಿರುವುದೇ ದೊಡ್ಡ ಕಾರಣ ಎಂದು ಕಂಡಿತು. ಅಳತೆ ತಪ್ಪಿದ ಚಪ್ಪಲಿ ಹಾಕಿಸಿ ನಡಿಗೆ ಸರಿಯಿಲ್ಲ ಅಂದ ಹಾಗಾಯಿತು. ಬಹುತೇಕ ಹೆಡ್‌ಸೆಟ್‌ಗಳಲ್ಲಿ ಇದನ್ನು ಸರಿಪಡಿಸಲು ಒಂದು ಚಕ್ರವೋ ಜಾರುಗುಂಡಿಯೋ ಇರುತ್ತದೆ. ಅಕ್ಷರ ಚೂಪಾಗಿ ಕಾಣುವವರೆಗೆ ತಿರುಗಿಸಿ. ಪ್ರತಿ ಸಲ, ಪ್ರತಿಯೊಬ್ಬರಿಗೂ ಹೊಂದಿಸಬೇಕು. ಮಗನಿಗೂ.

ಆಟದ ಆಯ್ಕೆಯೂ ಮುಖ್ಯ. ಕೈಯಲ್ಲಿರುವ ನಿಯಂತ್ರಕದ ಪುಟ್ಟ ಕೋಲು ತಳ್ಳಿ ಓಡುವ, ಹಾರುವ, ಕಾರು ಓಡಿಸುವ ಆಟಗಳು ನಿಮ್ಮಂಥವರ ಶತ್ರು. ನಿಂತಲ್ಲೇ ನಿಂತು ಕೈಯಾಡಿಸುವ ಆಟದಲ್ಲಿ ಕಣ್ಣಿಗೂ ಕಿವಿಗೂ ಜಗಳವಿಲ್ಲ. 'ತಡೆದುಕೊಂಡು ಆಡಿದರೆ ಅಭ್ಯಾಸವಾಗುತ್ತದೆ' ಎಂದು ಹೇಳುವವರ ಮಾತು ಕೇಳಬೇಡಿ. ಅಭ್ಯಾಸವಾಗುವುದು ನಿಜ, ತಡೆದುಕೊಂಡು ಅಲ್ಲ. ಮೈ ಬೆಚ್ಚಗಾಗಿ ಬೆವರು ಬಂತು ಎಂದ ಕೂಡಲೇ ತೆಗೆದುಬಿಡಿ. ಮತ್ತೆ ಮರುದಿನ ಐದು ನಿಮಿಷ. ಹಟ ಹಿಡಿದು ಆಡಿದವರಿಗೆ ಆಮೇಲೆ ಹೆಡ್‌ಸೆಟ್ ವಾಸನೆ ಬಂದರೇ ಹೊಟ್ಟೆ ತಿರುಗಿದ್ದನ್ನು ನೋಡಿದ್ದೇನೆ. ತಲೆ ತಿಳಿಯಾಗುವವರೆಗೆ ಗಾಡಿ ಓಡಿಸಬೇಡಿ.

ಇನ್ನು ನಿಮ್ಮ ಯಜಮಾನರ ಹತ್ತು ವರ್ಷ. ಈ 'ಇನ್ನು ಹತ್ತು ವರ್ಷ'ಕ್ಕೆ ಅರ್ಧ ಶತಮಾನಕ್ಕಿಂತ ಜಾಸ್ತಿ ವಯಸ್ಸಾಗಿದೆ. ಐವನ್ ಸದರ್‌ಲ್ಯಾಂಡ್ 1968ರಲ್ಲಿ ತಲೆಗೆ ಹಾಕುವ ಪರದೆ ಮಾಡಿದಾಗ ಅದು ಎಷ್ಟು ಭಾರವಿತ್ತೆಂದರೆ ಚಾವಣಿಯಿಂದ ನೇತು ಹಾಕಬೇಕಿತ್ತು. 1995ರಲ್ಲಿ ನಿಂಟೆಂಡೊ ತಂದ ವರ್ಚುವಲ್ ಬಾಯ್ ಒಂದೇ ವರ್ಷದೊಳಗೆ ಅಂಗಡಿ ಬಿಟ್ಟಿತು. 2010ರ ಸುಮಾರಿಗೆ ಮನೆಮನೆಗೂ 3ಡಿ ಟಿವಿ ಎಂದರು, 2017ರ ಹೊತ್ತಿಗೆ ಅದನ್ನು ಮಾಡುವವರೇ ಇರಲಿಲ್ಲ. 2021ರಲ್ಲಿ ಇದೇ ಭವಿಷ್ಯವನ್ನು ನಂಬಿ ಫೇಸ್‌ಬುಕ್ ಕಂಪನಿ ತನ್ನ ಹೆಸರನ್ನೇ ಮೆಟಾ ಎಂದು ಬದಲಿಸಿಕೊಂಡಿತು. 2024ರಲ್ಲಿ ಬಂದ ಆ್ಯಪಲ್‌ನ ಹೆಡ್‌ಸೆಟ್‌ನ ಬೆಲೆ 3,499 ಡಾಲರ್, ತೂಕ 600 ಗ್ರಾಂಗಿಂತ ಜಾಸ್ತಿ, ಬ್ಯಾಟರಿ ಬೇರೆ ಜೇಬಿನಲ್ಲಿ. ಚಿತ್ರದ ಗುಣ ಅದ್ಭುತ, ನಾನೇ ನೋಡಿ ಬೆರಗಾಗಿದ್ದೇನೆ. ಆದರೆ ಕತ್ತಿಗೆ ಪಿಕ್ಸೆಲ್ ಲೆಕ್ಕ ಗೊತ್ತಾಗುವುದಿಲ್ಲ, ಗ್ರಾಂ ಲೆಕ್ಕ ಮಾತ್ರ ಗೊತ್ತಾಗುತ್ತದೆ.

2022ರಲ್ಲಿ ಪ್ರಕಟವಾದ ಒಂದು ಪ್ರಯೋಗವನ್ನು ಯಜಮಾನರಿಗೆ ಹೇಳಿ. ವಾರದ ಐದು ದಿನ, ದಿನಕ್ಕೆ ಎಂಟು ಗಂಟೆ, ಹೆಡ್‌ಸೆಟ್ ಒಳಗೇ ಆಫೀಸ್ ಕೆಲಸ. ಒಪ್ಪಿದವರು 18 ಜನ. ಇಬ್ಬರು ಮೊದಲ ದಿನವೇ ಕೈಬಿಟ್ಟರು. ಉಳಿದ 16 ಜನ ವಾರ ಮುಗಿಸಿದರು, ಸ್ವಲ್ಪ ಒಗ್ಗಿಕೊಂಡರು ಕೂಡ. ಆದರೂ ಮಾಮೂಲಿ ಮೇಜಿನ ಕೆಲಸಕ್ಕೆ ಹೋಲಿಸಿದರೆ ಕಣ್ಣಿನ ದಣಿವು, ಕಿರಿಕಿರಿ ಜಾಸ್ತಿ, ಕೆಲಸ ಆಯಿತು ಅನ್ನುವ ಸಮಾಧಾನ ಕಡಿಮೆ.

ಇದರಿಂದ ವಿಆರ್ ಪ್ರಯೋಜನಕ್ಕೆ ಬಾರದು ಎಂದು ತಿಳಿಯಬೇಡಿ. ಹಾಗಿದ್ದರೆ ನನಗೆ ಸಂಬಳವೇ ಇರುತ್ತಿರಲಿಲ್ಲ. ಬೆಂಕಿ ಹತ್ತಿದ ಕಟ್ಟಡದೊಳಗೆ ಹೋಗುವ ತರಬೇತಿಯನ್ನು ನಿಜವಾದ ಬೆಂಕಿಯಲ್ಲಿ ಎಷ್ಟು ಸಲ ಕೊಡಲಾಗುತ್ತದೆ? ನಿಜದಲ್ಲಿ ಮಾಡಿದರೆ ಅಪಾಯ, ದುಬಾರಿ, ಅಥವಾ ಸಾಧ್ಯವೇ ಇಲ್ಲ ಎನ್ನುವಲ್ಲಿ ಇದಕ್ಕೆ ಸಾಟಿಯಿಲ್ಲ. ಎತ್ತರದ ಭಯ ಇರುವವರನ್ನು ವಿಆರ್‌ನಲ್ಲಿ ಮೆಲ್ಲಮೆಲ್ಲಗೆ ಎತ್ತರಕ್ಕೆ ಹತ್ತಿಸಿ ಭಯ ಇಳಿಸಬಹುದು ಎಂದು ಬಾರ್ಬರಾ ರಾಥ್‌ಬಾಮ್ ಮತ್ತು ಲ್ಯಾರಿ ಹಾಜಸ್ ಅವರ ತಂಡ 1995ರಲ್ಲೇ ತೋರಿಸಿತು. ವಾಷಿಂಗ್ಟನ್ ವಿಶ್ವವಿದ್ಯಾಲಯದ ಹಂಟರ್ ಹಾಫ್‌ಮನ್ ಮತ್ತು ಡೇವಿಡ್ ಪ್ಯಾಟರ್ಸನ್ 'ಸ್ನೋವರ್ಲ್ಡ್' ಎಂಬುದನ್ನು ಮಾಡಿದರು. ಸುಟ್ಟಗಾಯದ ರೋಗಿಗಳು ಗಾಯ ತೊಳೆಯುವ ಹೊತ್ತಿನಲ್ಲಿ ಹಿಮದ ಕಣಿವೆಯಲ್ಲಿ ತೇಲುತ್ತಾ ಹಿಮದುಂಡೆ ಎಸೆಯುತ್ತಾರೆ. ಗಮನ ಅತ್ತ ಹೋದಷ್ಟೂ ನೋವು ಕಡಿಮೆ ತಿಳಿಯುತ್ತದೆ. ಎಲ್ಲದರಲ್ಲೂ ಒಂದು ಸಮಾನ ಗುಣ ಇದೆ: ಒಂದು ಕೆಲಸಕ್ಕೆ ಹಾಕಿಕೊಳ್ಳುತ್ತಾರೆ, ಮುಗಿದ ಮೇಲೆ ತೆಗೆದಿಡುತ್ತಾರೆ. ಶಾಲೆಯಲ್ಲೂ ಹೀಗೇ ಬರುತ್ತದೆ ಎಂದು ನನ್ನ ಅಂದಾಜು. ಹೃದಯದ ಒಳಗೆ ಹತ್ತು ನಿಮಿಷ ಸುತ್ತಾಡಿ, ತೆಗೆದಿಟ್ಟು, ಮೇಷ್ಟ್ರ ಹತ್ತಿರ ಪಾಠ.

ಈಗಲೇ ರೂಢಿಯಾಗಲಿ ಎನ್ನುವುದಕ್ಕೂ ನನ್ನದೊಂದು ತಕರಾರಿದೆ. ನನ್ನ ಜೊತೆ ಕೆಲಸ ಮಾಡುವವರಲ್ಲಿ ಚಿಕ್ಕಂದಿನಿಂದ ಹೆಡ್‌ಸೆಟ್ ಹಾಕಿ ಬೆಳೆದವರು ಯಾರೂ ಇಲ್ಲ. ಚಿತ್ರ ಬರೆಯುತ್ತಿದ್ದವರಿದ್ದಾರೆ, ರೇಖಾಗಣಿತ ಇಷ್ಟಪಟ್ಟವರಿದ್ದಾರೆ, ರೇಡಿಯೊ ಬಿಚ್ಚಿ ಬೈಸಿಕೊಂಡವರಿದ್ದಾರೆ. ಆಡುವುದರಿಂದ ಬರುವ ರೂಢಿ ಆ ಒಂದು ಹೆಡ್‌ಸೆಟ್‌ನ ಗುಂಡಿಗಳದ್ದು. ನಾಲ್ಕು ವರ್ಷಕ್ಕೆ ಆ ಗುಂಡಿಗಳೇ ಇರುವುದಿಲ್ಲ.

ಈಗ ನೀವು ಕೇಳದಿರುವ ಮಾತು, ನನಗೆ ಕಣ್ಣಿಗಿಂತ ಜಾಸ್ತಿ ಚಿಂತೆ ಇರುವುದು ಇಲ್ಲೇ. ಮಗ ಹೆಡ್‌ಸೆಟ್ ನೋಡುತ್ತಾನೆ, ಸರಿ. ಹೆಡ್‌ಸೆಟ್ ಮಗನನ್ನು ನೋಡುತ್ತದಲ್ಲ? ಅದು ಕೆಲಸ ಮಾಡಬೇಕಾದರೆ ಕೋಣೆಯ ಗೋಡೆ, ಮೇಜು, ಕುರ್ಚಿ ಎಲ್ಲಿವೆ ಎಂದು ಕ್ಯಾಮೆರಾದಿಂದ ತಿಳಿಯಬೇಕು. ತಲೆ ಮತ್ತು ಕೈಗಳ ಚಲನೆಯನ್ನು ಸೆಕೆಂಡಿಗೆ ಹತ್ತಾರು ಸಲ ಅಳೆಯಬೇಕು. ಕೆಲವು ಕಣ್ಣು ಎತ್ತ ತಿರುಗಿತು ಎಂದೂ ಅಳೆಯುತ್ತವೆ. ಕೈ ಬೀಸಿದ್ದರಲ್ಲಿ ಏನು ಗುಟ್ಟಿದೆ ಎನ್ನಿಸಬಹುದು. ಬರ್ಕ್ಲಿಯ ಸಂಶೋಧಕರು 2023ರಲ್ಲಿ ಒಂದು ವಿಆರ್ ಆಟದ 55,000ಕ್ಕೂ ಹೆಚ್ಚು ಆಟಗಾರರ ಚಲನೆಯನ್ನು ಪರೀಕ್ಷಿಸಿದರು. ಬರೀ 100 ಸೆಕೆಂಡಿನ ತಲೆ–ಕೈ ಚಲನೆಯಿಂದ, ಅಷ್ಟು ಜನರಲ್ಲಿ ಇವರೇ ಎಂದು 94 ಶೇಕಡಾಕ್ಕೂ ಹೆಚ್ಚು ಸಲ ಸರಿಯಾಗಿ ಗುರುತಿಸಿದರು. ಹೆಸರಿಲ್ಲ, ಮುಖವಿಲ್ಲ, ದನಿಯಿಲ್ಲ. ದೂರದಿಂದ ನಡಿಗೆ ನೋಡಿಯೇ ನಮ್ಮವರನ್ನು ಗುರುತು ಹಿಡಿಯುತ್ತೇವಲ್ಲ, ಯಂತ್ರಕ್ಕೂ ಆ ವಿದ್ಯೆ ಬಂದಿದೆ. ಖಾತೆಗೆ ಸುಳ್ಳು ಹೆಸರು ಕೊಟ್ಟರೂ ಮೈಯ ಲಯ ಸುಳ್ಳಾಗುವುದಿಲ್ಲ.

ಮುಂದೆ ದಿನಬಳಕೆಗೆ ಬರುವುದು ಈ ದಪ್ಪ ಹೆಡ್‌ಸೆಟ್ ಅಲ್ಲ, ಕ್ಯಾಮೆರಾ ಮತ್ತು ಸ್ಪೀಕರ್ ಇರುವ ತೆಳು ಕನ್ನಡಕ ಎಂಬುದು ನನ್ನ ಊಹೆ. ಅವು ಈಗಾಗಲೇ ಮಾರುಕಟ್ಟೆಯಲ್ಲಿವೆ. ಎದುರಿನವರಿಗೆ ರೆಕಾರ್ಡ್ ಆಗುತ್ತಿದೆ ಎಂದು ತಿಳಿಸುವುದು ಫ್ರೇಮಿನ ಮೇಲಿನ ಒಂದು ಪುಟ್ಟ ದೀಪ ಮಾತ್ರ.

ಹತ್ತಿರದ ಅಪಾಯ ಇನ್ನೂ ಒಂದಿದೆ. ಹಲವು ಆಟಗಳಲ್ಲಿ ಅಪರಿಚಿತರ ಜೊತೆ ದನಿಯಲ್ಲಿ ಮಾತಾಡುವ ಕೋಣೆಗಳಿವೆ. ಟಿವಿಯಾದರೆ ಅಡುಗೆಮನೆಯಿಂದಲೇ ಕಿವಿಗೆ ಬೀಳುತ್ತದೆ. ಹೆಡ್‌ಸೆಟ್ ಹಾಕಿದ ಮಗುವಿಗೆ ಯಾರು ಏನು ಹೇಳುತ್ತಿದ್ದಾರೆ ಎಂದು ಪಕ್ಕದಲ್ಲೇ ಕೂತವರಿಗೂ ತಿಳಿಯುವುದಿಲ್ಲ.

ಹಾಗಾದರೆ ಏನು ಮಾಡುವುದು? ಬೀರುವಿನಲ್ಲಿಟ್ಟು ಬೀಗ ಹಾಕಬಹುದು. ಅದರಿಂದ ಏನೂ ನಷ್ಟವಿಲ್ಲ, ಮಗ ಗೆಳೆಯರ ಮನೆಯಲ್ಲಿ ನಿಮ್ಮ ಕಣ್ಣು ತಪ್ಪಿಸಿ ಆಡುವ ಸಾಧ್ಯತೆಯೊಂದು ಬಿಟ್ಟು. ಈಗಿನ ಹಾಗೇ ಗಂಟೆಗಟ್ಟಲೆ ಬಿಡುವುದನ್ನು ನಾನು ಒಪ್ಪುವುದಿಲ್ಲ. ನನ್ನ ಮನೆಯಲ್ಲಾಗಿದ್ದರೆ ಹೀಗೆ ಮಾಡುತ್ತಿದ್ದೆ: ಪೋಷಕರ ಖಾತೆಯಡಿ ಮಗುವಿನ ಖಾತೆ, ಅಪರಿಚಿತರ ದನಿ ಬಂದ್. ಒಳಗೆ ಕಾಣುವುದನ್ನೆಲ್ಲ ಟಿವಿಗೋ ಫೋನಿಗೋ ಹಾಕಿ ಎಲ್ಲರೂ ನೋಡುವ ಹಾಗೆ ಹಾಲ್‌ನಲ್ಲೇ ಆಟ. ಒಂದು ಸಲಕ್ಕೆ ಹದಿನೈದು ನಿಮಿಷ, ಆಮೇಲೆ ಅಷ್ಟೇ ಹೊತ್ತು ಕಿಟಕಿಯಾಚೆಗೋ ಅಂಗಳಕ್ಕೋ. ಹದಿನೈದು ನಿಮಿಷ ಎನ್ನುವುದು ಶಾಸ್ತ್ರವಾಕ್ಯವಲ್ಲ, ನನ್ನ ಅನುಭವದ ಅಳತೆ. ಮಗ ಜಗಳ ಮಾಡುತ್ತಾನೆ. ಒಂದು ವಾರ ಸಹಿಸಿಕೊಳ್ಳಿ.

ಜಾಗದ ಮಾತು ಮರೆಯಬೇಡಿ. ನಾನು ಕಣ್ಣಾರೆ ಕಂಡ ಗಾಯಗಳೆಲ್ಲ ಗೋಡೆಗೆ ಗುದ್ದಿದ್ದು, ಮೇಜಿಗೆ ಎಡವಿದ್ದು, ಪಕ್ಕದಲ್ಲಿ ನಿಂತಿದ್ದ ತಂಗಿಯ ಮೂತಿಗೆ ಬಡಿದದ್ದು. ಎರಡು ಮೀಟರ್ ಚೌಕ ಖಾಲಿ ಇರಲಿ, ಪುಟ್ಟ ಮಕ್ಕಳು ಅತ್ತ ಬಾರದಿರಲಿ. ಸುಮ್ನೆ ಕಿಟಕಿ ಹತ್ತಿರ ಬಿಸಿಲಿಗೆ ಇಡಬೇಡಿ, ಭೂತಗನ್ನಡಿಯ ಹಾಗೆ ಲೆನ್ಸ್ ಬಿಸಿಲನ್ನು ಹಿಡಿದು ಒಳಗಿನ ಪರದೆಯನ್ನು ಸುಟ್ಟುಬಿಡುತ್ತದೆ.

ಕೊನೆಗೆ ಅತ್ತೆ. ಮಗನಿಗೆ ಕಡಿಮೆ ಮಾಡಿ ಅತ್ತೆಗೆ ಹಾಕಿಸುವುದರಲ್ಲಿ ವಿರೋಧ ಏನೂ ಇಲ್ಲ. ಅವರದು ಉದ್ದೇಶ ಇರುವ ಬಳಕೆ, ಪಕ್ಕದಲ್ಲಿ ಬಲ್ಲವರಿರುತ್ತಾರೆ. ಪಾರ್ಶ್ವವಾಯುವಿನ ನಂತರ ಕೈಗೆ ಬಲ ಬರಲು ಒಂದೇ ಚಲನೆಯನ್ನು ನೂರಾರು ಸಲ ಮಾಡಬೇಕು. ಬೇಸರವಾಗಿ ಜನ ಬಿಟ್ಟುಬಿಡುತ್ತಾರೆ. ಹಣ್ಣು ಕೀಳುವ ಆಟ ಎಂದಾಗ ಇನ್ನೊಂದು ಇಪ್ಪತ್ತು ಸಲ ಕೈ ಚಾಚುತ್ತಾರೆ. ಆದರೆ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ ನೋಡಿದ 2017ರ ಕಾಕ್ರೇನ್ ವಿಮರ್ಶೆ ಹೇಳಿದ್ದು: ಮಾಮೂಲಿ ಚಿಕಿತ್ಸೆಗಿಂತ ಇದು ಕೈಗೆ ಹೆಚ್ಚು ಒಳ್ಳೆಯದೇನಲ್ಲ, ಅದರ ಜೊತೆಗೆ ಸೇರಿಸಿದರೆ ಉಪಯೋಗವಾಗಬಹುದು. ಹಾಗಾಗಿ ಫಿಸಿಯೋಥೆರಪಿಸ್ಟ್ ಅವರನ್ನು ಕೇಳಿ: ಈಗಿನ ವ್ಯಾಯಾಮದ ಬದಲಿಗೋ, ಅದರ ಮೇಲೋ? ಟಿವಿ ಪರದೆಯಲ್ಲೇ ಮಾಡಿಸಬಹುದಾ, ಹೆಡ್‌ಸೆಟ್ ಬೇಕೇ ಬೇಕಾ? ಎಷ್ಟೋ ಸಲ ಪರದೆಯೇ ಸಾಕಾಗುತ್ತದೆ, ಬೀಳುವ ಭಯವೂ ಕಡಿಮೆ.

ಅತ್ತೆಗೆ ಯಾವಾಗಲಾದರೂ ಫಿಟ್ಸ್ ಬಂದಿದ್ದರೆ, ಎದೆಯಲ್ಲಿ ಪೇಸ್‌ಮೇಕರ್ ಇದ್ದರೆ, ಮೊದಲು ಅವರ ಡಾಕ್ಟರ್ ಒಪ್ಪಬೇಕು. ಕೈಗಳಿರುವ ಗಟ್ಟಿ ಕುರ್ಚಿಯಲ್ಲಿ ಕೂರಿಸಿಯೇ ಮಾಡಿಸಿ. ಎಡಗೈ ಬಲ ಕಳೆದುಕೊಂಡವರಿಗೆ ಎಡಗಡೆಯದ್ದು ಗಮನಕ್ಕೇ ಬಾರದಿರುವುದೂ ಉಂಟು, ಆದ್ದರಿಂದ ನೀವು ಎಡಗಡೆಗೆ ನಿಂತುಕೊಳ್ಳಿ. ತೆಗೆದ ಮೇಲೆ ಐದು ನಿಮಿಷ ಏಳಿಸಬೇಡಿ. ಮೊದಲ ದಿನ ಮೂರು ನಿಮಿಷ ಸಾಕು. ಅದಕ್ಕೂ ಮುಂಚೆ ಲೆನ್ಸ್ ಸರಿಪಡಿಸಿಕೊಂಡು ಅದೇ ವ್ಯಾಯಾಮವನ್ನು ನೀವೊಮ್ಮೆ ಮಾಡಿ ನೋಡಿ. ನಿಮ್ಮ ಹೊಟ್ಟೆ ಒಪ್ಪಿದರೆ ಆಮೇಲೆ ಅತ್ತೆಗೆ ಹಾಕಿಸಿ.